ಕೊನೆಯ ಗದ್ದೆಗೆ ನೀರು ಮುಟ್ಟಿತೇ?



2025ರ ಜೂನ್ 11ರಂದು ಶ್ರೀನಿವಾಸಪುರ ಬಂದ್ ಆಗಿತ್ತು. ತೋತಾಪುರಿ ಮಾವಿನ ಬೆಲೆ ಪಾತಾಳಕ್ಕೆ ಇಳಿದಿತ್ತು. ಪಕ್ಕದ ಚಿತ್ತೂರು ಜಿಲ್ಲೆಯಲ್ಲಿ ಹೊರ ರಾಜ್ಯದ ಕಾಯಿಯನ್ನು ಒಳಗೆ ಬಿಡಬಾರದೆಂದು ಆದೇಶವಾಗಿತ್ತು. ಬೆಳೆಗಾರರು ಬೀದಿಗೆ ಇಳಿದರು, ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸೇರಿ, ಕ್ವಿಂಟಲಿಗೆ 1,616 ರೂಪಾಯಿ ದರ ಇಟ್ಟು, ಎರಡೂವರೆ ಲಕ್ಷ ಟನ್ನಿನವರೆಗೆ ಬೆಲೆ ವ್ಯತ್ಯಾಸದ ಹಣ ಕೊಡಲು ಒಪ್ಪಿದವು. ಇದೆಲ್ಲ ಪತ್ರಿಕೆಗಳಲ್ಲಿ ಬಂದ ಸುದ್ದಿ.

ಬಾರದ ಸುದ್ದಿಯೊಂದಿದೆ. ಜೂನ್ ಎಂದರೆ ನಮಗೆ ಮಾವಿನ ತಿಂಗಳು ಹೇಗೋ ಹಾಗೆಯೇ ಕಾಲೇಜು ಸೇರುವ ತಿಂಗಳೂ ಹೌದು. ನಮ್ಮ ತಾಲ್ಲೂಕಿನಲ್ಲಿ ಇವೆರಡೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡಿವೆ. ತೋಟ ಇದ್ದವನು ಕಾಯಿ ಮಾರಿ ಮಗನ ಫೀಸು ಕಟ್ಟುತ್ತಾನೆ. ತೋಟ ಇಲ್ಲದವಳು ಮಂಡಿಯಲ್ಲಿ ಕಾಯಿ ಆರಿಸಿ, ಕ್ರೇಟು ತುಂಬಿ, ಆ ಎರಡು ತಿಂಗಳ ಕೂಲಿಯಲ್ಲಿ ಮಗಳ ಫೀಸು ಕಟ್ಟುತ್ತಾಳೆ. ಮಂಡಿ ನಿಂತಾಗ ತೋಟದವನ ನಷ್ಟವನ್ನು ಬರೆದುಕೊಳ್ಳಲು ಒಂದು ಪಟ್ಟಿ ಇರುತ್ತದೆ, ಪಹಣಿ ನೋಡಿ ಅವನ ಹೆಸರು ಸೇರಿಸುತ್ತಾರೆ. ಕೂಲಿಯವಳಿಗೆ ಯಾವ ಪಟ್ಟಿಯೂ ಇಲ್ಲ. ಅವಳ ಮಟ್ಟಿಗೆ ಸರ್ಕಾರ ಎಂದರೆ ಪಡಿತರದ ಅಕ್ಕಿ, ಉಚಿತ ಬಸ್ಸು, ಮತ್ತು ಮಗಳಿಗೆ ಬರಬೇಕಾದ ವಿದ್ಯಾರ್ಥಿವೇತನ. ಈ ಮೂರನೆಯದರ ಬಗ್ಗೆ ಈ ಸಲ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಕೆಲಸದಲ್ಲಿ ಹೆಚ್ಚು ಕಾಲ ಕಳೆದದ್ದು ಕೆರೆ ಕಟ್ಟೆಗಳ ಮೇಲೆ. ನಿವೃತ್ತನಾದ ಮೇಲೆ ಶನಿವಾರ ಸಂಜೆ ನಮ್ಮ ಸಮಾಜದ ಕಟ್ಟಡದ ಜಗುಲಿಯಲ್ಲಿ ಒಂದು ಮೇಜು ಹಾಕಿಕೊಂಡು ಕೂರುತ್ತೇನೆ. ಜೊತೆಗೆ ನಿವೃತ್ತ ಮೇಷ್ಟ್ರೊಬ್ಬರು, ನನ್ನ ಮಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್, ಆಗಾಗ ಕಾಗದ ಕಚ್ಚಿಕೊಳ್ಳುವ ಒಂದು ಪ್ರಿಂಟರ್. ಕಾಲೇಜು ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವುದು, ಹಾಕಿದ ಅರ್ಜಿ ಎಲ್ಲಿ ನಿಂತಿದೆ ಎಂದು ನೋಡಿ ಹೇಳುವುದು ನಮ್ಮ ಕೆಲಸ. ಇದನ್ನು ದಾಸೋಹ ಎಂದು ಯಾರಾದರೂ ಹೊಗಳಿದರೆ ನನಗೆ ಮುಜುಗರ. ಮನೆಯಲ್ಲಿ ಟಿ.ವಿ. ಮುಂದೆ ಕೂರುವುದಕ್ಕಿಂತ ವಾಸಿ ಎಂದು ಶುರು ಮಾಡಿದ್ದು.

2024ರಲ್ಲಿ ಒಬ್ಬ ಹುಡುಗಿ ತಾಯಿಯ ಜೊತೆ ಬಂದಳು. ಹೆಸರು ಬೇಡ. ಬಿ.ಕಾಂ. ಮೊದಲ ವರ್ಷಕ್ಕೆ ಸೇರಿದ್ದಳು. ಪಿಯುಸಿಯಲ್ಲಿ ಒಳ್ಳೆಯ ಅಂಕ. ತಂದೆ ತೀರಿಹೋಗಿ ನಾಲ್ಕು ವರ್ಷ, ತಾಯಿ ಮಂಡಿ ಕೂಲಿ, ಮಂಡಿ ಇಲ್ಲದ ದಿನ ಟೊಮೆಟೊ ತೋಟದ ಕೂಲಿ. ಅರ್ಜಿ ತುಂಬಿದೆವು. ಮುಂದಕ್ಕೆ ಹೋಗಲಿಲ್ಲ. ತಂದೆಯ ಹೆಸರು ತಾಳೆಯಾಗುತ್ತಿಲ್ಲ ಎಂದು ಬಂತು.

ನಮ್ಮ ಕೋಲಾರದ ಕಡೆ ಬಾಯಲ್ಲೂ ಬರಹದಲ್ಲೂ ವೆಂಕಟರವಣಪ್ಪ ಎನ್ನುವುದೇ ರೂಢಿ. ಆದಾಯ ಪ್ರಮಾಣಪತ್ರದಲ್ಲಿ ಹಾಗೆಯೇ ಇತ್ತು. ಆದರೆ ಹುಡುಗಿಯನ್ನು ಒಂದನೇ ತರಗತಿಗೆ ಸೇರಿಸುವಾಗ ಯಾರೋ ಅದನ್ನು ಶುದ್ಧ ಮಾಡಲು ಹೋಗಿ ವೆಂಕಟರಮಣಪ್ಪ ಎಂದು ಬರೆದಿದ್ದರು. ಅಂಕಪಟ್ಟಿಗೂ ಅದೇ ಬಂದಿತ್ತು. ಕಂಪ್ಯೂಟರಿಗೆ ಆ ಹುಡುಗಿಗೆ ಇಬ್ಬರು ಅಪ್ಪಂದಿರು. ‘ಸಾಮಿ, ಸತ್ತೋದೋನ ಹೆಸ್ರಲ್ಲಿ ಒಂದಕ್ಷರ ಹೆಚ್ಚು ಕಮ್ಮಿ ಆದ್ರೆ ಅವನೇನು ಬಂದು ಕೇಳ್ತಾನಾ?’ ಎಂದು ಆ ತಾಯಿ ಕೇಳಿದಳು. ಮೇಷ್ಟ್ರು ನಕ್ಕರು, ನನಗೆ ನಗು ಬರಲಿಲ್ಲ.

ಹೆಸರು ಸರಿಪಡಿಸಲು ಒಂದು ಕಚೇರಿಗೆ ಮೂರು ಸಲ. ಅದಾದ ಮೇಲೆ ಕಾಲೇಜಿನಲ್ಲಿ ದಾಖಲೆ ದೃಢೀಕರಿಸಬೇಕಾದವರು ಬೇರೆ ಕೆಲಸದ ಮೇಲೆ ಹೋಗಿದ್ದರು, ಅದಕ್ಕೆ ಎರಡು ಸಲ. ಎಲ್ಲ ಮುಗಿದು ಹಣ ಮಂಜೂರಾಯಿತು ಎಂದು ತೋರಿಸಿದ ಮೇಲೂ ಖಾತೆಗೆ ಬರಲಿಲ್ಲ. ಕೊನೆಗೆ ಗೊತ್ತಾಯಿತು: ಅವಳು ಐದನೇ ತರಗತಿಯಲ್ಲಿದ್ದಾಗ ಶಾಲೆಯ ಮೂಲಕ ತೆರೆಸಿದ್ದ ಒಂದು ಖಾತೆಗೆ ಆಧಾರ್ ಜೋಡಣೆಯಾಗಿ ಹಾಗೆಯೇ ಉಳಿದಿತ್ತು. ಆ ಖಾತೆ ನಿಷ್ಕ್ರಿಯವಾಗಿ ವರ್ಷಗಳೇ ಆಗಿದ್ದವು. ಅವಳು ಅರ್ಜಿಯ ಜೊತೆ ಕೊಟ್ಟ ಪಾಸ್‌ಬುಕ್ ಬೇರೆ, ಸರ್ಕಾರದ ಹಣ ಹುಡುಕಿಕೊಂಡು ಹೋದ ಖಾತೆ ಬೇರೆ. ಇದಕ್ಕೆ ಬ್ಯಾಂಕಿಗೆ ಎರಡು ಸಲ. ಒಟ್ಟು ಏಳು ಓಡಾಟ. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ಚಾರ್ಜಿನ ಖರ್ಚು ಇರಲಿಲ್ಲ, ಅಷ್ಟರ ಮಟ್ಟಿಗೆ 2023ರಲ್ಲಿ ಬಂದ ಶಕ್ತಿ ಯೋಜನೆಗೆ ನಮಸ್ಕಾರ. ಆದರೆ ಏಳು ದಿನದ ಕೂಲಿ ಹೋಯಿತು.

ಅಷ್ಟರಲ್ಲಿ ಜೂನ್ ಬಂತು. ಮಂಡಿಯ ಕಥೆ ಮೇಲೆ ಹೇಳಿದೆ. ಎರಡನೇ ವರ್ಷದ ಫೀಸಿಗೆ ದುಡ್ಡಿಲ್ಲ. ನರಸಾಪುರದ ಕೈಗಾರಿಕಾ ಪ್ರದೇಶದಿಂದ ಬೆಳಗಿನ ಜಾವ ನಮ್ಮ ಹಳ್ಳಿಗಳಿಗೆ ಕಂಪನಿ ಬಸ್ಸು ಬರುತ್ತದೆ. ಮೂರು ತಿಂಗಳು ದುಡಿದು ಫೀಸು ಕೂಡಿಸಿಕೊಂಡು ವಾಪಸ್ಸು ಬರುತ್ತೇನೆ ಎಂದು ಹೇಳಿ ಅವಳು ಆ ಬಸ್ಸು ಹತ್ತಿದಳು. ಸೆಪ್ಟೆಂಬರ್‌ನಲ್ಲಿ ಅವಳಿಂದಲೇ ಫೋನು. ‘ಸಾರ್, ಸ್ಕಾಲರ್‌ಶಿಪ್ ಬಂತು ಸಾರ್. ಮೆಸೇಜ್ ಬಂದಿದೆ. ಥ್ಯಾಂಕ್ಸ್ ಸಾರ್.’ ಹಿಂದೆ ಬಸ್ಸಿನ ಸದ್ದು ಕೇಳುತ್ತಿತ್ತು. ಕಾಲೇಜಿಗೆ ಯಾವಾಗ ಹೋಗುತ್ತೀಯಮ್ಮ ಎಂದು ಕೇಳಿದೆ. ನೋಡಬೇಕು ಸಾರ್ ಎಂದಳು.

ಈ ಮಗುವಿನ ವಿಷಯದಲ್ಲಿ ಯಾರೂ ಲಂಚ ಕೇಳಲಿಲ್ಲ. ಯಾರೂ ಬೈದು ಕಳಿಸಲಿಲ್ಲ. ಸರ್ಕಾರ ಹಣ ಇಲ್ಲ ಎನ್ನಲಿಲ್ಲ. ಹಣ ಮಂಜೂರಾಗಿ, ಬಿಡುಗಡೆಯಾಗಿ, ಅವಳ ಹೆಸರಿಗೇ ಹೊರಟಿತ್ತು. ಲೆಕ್ಕದ ಪುಸ್ತಕದಲ್ಲಿ ಅವಳು ಇವತ್ತಿಗೂ ಫಲಾನುಭವಿಯೇ. ನಲವತ್ತು ವರ್ಷ ಸರ್ಕಾರಿ ಕಡತ ನೋಡಿದವನಿಗೆ ಇದಕ್ಕಿಂತ ಕಿರಿಕಿರಿಯಾಗುವ ಸಂಗತಿ ಇನ್ನೊಂದಿಲ್ಲ.

ಕೆರೆಯ ಲೆಕ್ಕದಲ್ಲಿ ಹೇಳುತ್ತೇನೆ, ನನಗೆ ಬರುವುದು ಅದೇ. ನಮ್ಮದು ಸದಾ ಹರಿಯುವ ನದಿಯಿಲ್ಲದ ಜಿಲ್ಲೆ, ಕೆರೆಯೇ ಗತಿ. ಕೆರೆ ತುಂಬಿದರೆ ಸಾಲದು. ತೂಬು ಎತ್ತಬೇಕು, ಕಾಲುವೆಯ ಹೂಳು ತೆಗೆದಿರಬೇಕು, ಮೇಲಿನ ಗದ್ದೆಯವನು ರಾತ್ರಿ ಮಡೆ ಒಡೆದುಕೊಳ್ಳದಂತೆ ಕಾಯಬೇಕು. ಹಿಂದೆ ಇದಕ್ಕೆಂದೇ ಊರಿನಲ್ಲಿ ನೀರಗಂಟಿ ಇರುತ್ತಿದ್ದ. ಸ್ವಂತ ಜಮೀನು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಕೈಯಲ್ಲಿತ್ತು. ಕಾಲುವೆಯ ಕೊನೆಯ ಗದ್ದೆ ತೊಯ್ದ ಮೇಲೆಯೇ ಅವನು ಸಲಿಕೆ ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದದ್ದು. ನಮ್ಮ ಇಲಾಖೆಯ ಲೆಕ್ಕದಲ್ಲಿ ಅಚ್ಚುಕಟ್ಟು ಎಷ್ಟು ಎಕರೆ ಎಂದು ಬರೆಯುತ್ತಿದ್ದೆವು. ಆ ಅಚ್ಚುಕಟ್ಟಿನ ಬಾಲದಲ್ಲಿ ನೀರು ನಿಜಕ್ಕೂ ಮುಟ್ಟಿತೇ ಎಂಬುದನ್ನು ಅವನನ್ನೇ ಕೇಳಬೇಕಾಗಿತ್ತು. ವಿದ್ಯಾರ್ಥಿವೇತನದ ಕೆರೆ ಇವತ್ತು ಖಾಲಿ ಇಲ್ಲ, ಆದರೆ ನೀರಗಂಟಿಯೇ ಇಲ್ಲ.

ನನ್ನ ಕಾಲದಲ್ಲಿ ಇದ್ದ. 1970ರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿಗೆ ಇಂಜಿನಿಯರಿಂಗ್ ಓದಲು ಹೋದೆ. ಊಟ, ವಸತಿ ಮಠವೊಂದರ ಪ್ರಸಾದ ನಿಲಯದಲ್ಲಿ. ಫೀಸು, ಪುಸ್ತಕಕ್ಕೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ. 1963ರಲ್ಲಿ ಶುರುವಾದ ಯೋಜನೆ ಅದು. ಬಡ್ಡಿ ಇಲ್ಲ, ಕೆಲಸ ಸಿಕ್ಕ ಮೇಲೆ ಕಂತಿನಲ್ಲಿ ತೀರಿಸಬೇಕು. ಒಂದು ವರ್ಷ ಹಣ ಮಾರ್ಚ್ ತಿಂಗಳ ಕೊನೆಗೆ ಬಂತು. ಆ ಹೊತ್ತಿಗೆ ನಾನು ಅಪ್ಪನಿಗೆ ಹುಷಾರಿಲ್ಲವೆಂದು ಊರಿಗೆ ಬಂದಿದ್ದೆ. ಮಾರ್ಚ್ 31ರೊಳಗೆ ಸಹಿ ಹಾಕಿ ತೆಗೆದುಕೊಳ್ಳದಿದ್ದರೆ ಹಣ ಖಜಾನೆಗೆ ವಾಪಸ್ಸು. ಕಾಲೇಜಿನ ಗುಮಾಸ್ತರೊಬ್ಬರು ಪ್ರಸಾದ ನಿಲಯಕ್ಕೆ ಸೈಕಲ್ಲಿನಲ್ಲಿ ಹೋಗಿ ವಿಚಾರಿಸಿ, ನನ್ನ ಊರಿನ ಕಡೆ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಚೀಟಿ ಕೊಟ್ಟು ಕಳಿಸಿದ್ದರು. ನಾನು 30ನೇ ತಾರೀಖು ಹೋಗಿ ಸಹಿ ಹಾಕಿದೆ. ಅವರಿಗೆ ನಾನು ಯಾರೂ ಅಲ್ಲ. ಅವರ ಜಾತಿ ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಇಷ್ಟು ದೂರ ಯಾಕೆ ಮಾಡಿದಿರಿ ಸಾರ್ ಎಂದು ಕೇಳಿದ್ದಕ್ಕೆ, ರಿಜಿಸ್ಟರಿನಲ್ಲಿ ಒಂದು ಸಾಲು ಖಾಲಿ ಉಳಿದಿತ್ತಪ್ಪ ಎಂದರು. ನೌಕರಿ ಸಿಕ್ಕ ಮೇಲೆ ಸಂಬಳದಿಂದ ಆ ಸಾಲ ತೀರಿಸಿದೆ.

ಈಗಿನ ವ್ಯವಸ್ಥೆ ಆಗಿನದಕ್ಕಿಂತ ಕೆಟ್ಟದು ಎಂದು ನಾನು ಹೇಳುವುದಿಲ್ಲ. ಮೊದಲು ಸಮಾಜ ಕಲ್ಯಾಣದ್ದೊಂದು, ಹಿಂದುಳಿದ ವರ್ಗಗಳದ್ದೊಂದು, ಅಲ್ಪಸಂಖ್ಯಾತರದ್ದೊಂದು ಎಂದು ಬೇರೆ ಬೇರೆ ನಮೂನೆ ಇರುತ್ತಿದ್ದವು. ಈಗ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ, ಬಹುಪಾಲು ಎಲ್ಲ ಒಂದೇ ಕಡೆ. ನಡುವೆ ಹಣ ತಿನ್ನುವ ಕೈ ಕಡಿಮೆಯಾಗಿದೆ. ಹಣ ನೇರ ಮಗುವಿನ ಖಾತೆಗೆ. ಆದರೆ ಆ ನೇರ ದಾರಿಯಲ್ಲಿ ಆಧಾರ್, ಜಾತಿ ಮತ್ತು ಆದಾಯ ಪತ್ರದ ಆರ್‌ಡಿ ಸಂಖ್ಯೆ, ಕಾಲೇಜಿನ ನೋಂದಣಿ ಸಂಖ್ಯೆ, ದಾಖಲೆಗಳ ಇ-ದೃಢೀಕರಣ, ಬ್ಯಾಂಕಿನ ಆಧಾರ್ ಜೋಡಣೆ ಎಂದು ಐದಾರು ಗೇಟುಗಳಿವೆ. ಒಂದೊಂದು ಗೇಟಿಗೆ ಒಂದೊಂದು ಕಚೇರಿ. ಆ ಎಲ್ಲ ಕಚೇರಿಗಳನ್ನೂ ಒಟ್ಟಿಗೆ ನೋಡುವವರು ಯಾರೂ ಇಲ್ಲ, ಆ ಹದಿನೆಂಟು ವರ್ಷದ ಮಗುವೊಂದನ್ನು ಬಿಟ್ಟರೆ.

ಇನ್ನು ಮೊತ್ತದ ಮಾತು. ರೈತ ವಿದ್ಯಾನಿಧಿ 2021ರಲ್ಲಿ ಬಂತು. ಬಿ.ಎ., ಬಿ.ಕಾಂ. ಓದುವ ರೈತನ ಮಗನಿಗೆ ವರ್ಷಕ್ಕೆ 5,000, ಮಗಳಿಗೆ 5,500. ಆಮೇಲೆ ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು, ಆಟೋ ಮತ್ತು ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿಸ್ತರಿಸಿದರು. ಒಳ್ಳೆಯದೇ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ 2013-14ರಲ್ಲಿ ಶುರುವಾದಾಗ ಊಟ ವಸತಿಗೆ ತಿಂಗಳಿಗೆ 1,500, ಹತ್ತು ತಿಂಗಳು. ದಿನಕ್ಕೆ 50 ರೂಪಾಯಿ. ಇದರ ಎದುರಿಗೆ ಇನ್ನೊಂದನ್ನು ಇಟ್ಟು ನೋಡಿ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಕೊಟ್ಟ ಯುವನಿಧಿಯಲ್ಲಿ, ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. ಓದುತ್ತಿರುವಾಗ ವರ್ಷಕ್ಕೆ 5,000. ಓದು ಮುಗಿದು ಮನೆಯಲ್ಲಿ ಕುಳಿತರೆ ವರ್ಷಕ್ಕೆ 36,000. ನಾನು ಯುವನಿಧಿಯ ವಿರೋಧಿ ಅಲ್ಲ, ಕೆಲಸ ಇಲ್ಲದ ಮಗುವಿನ ಅವಮಾನ ನಮ್ಮ ಮನೆಯಲ್ಲೂ ನೋಡಿದ್ದೇನೆ. ಆದರೆ ಅಡಿಪಾಯಕ್ಕೆ ಸಿಮೆಂಟು ಕಡಿಮೆ ಹಾಕಿ, ಬಿರುಕು ಬಿಟ್ಟ ಮೇಲೆ ಪ್ಲಾಸ್ಟರಿಗೆ ಧಾರಾಳವಾಗಿ ಹಾಕುವ ಅಂದಾಜು ಪಟ್ಟಿಯನ್ನು ನನ್ನ ಮುಂದೆ ಇಟ್ಟಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸರ್ಕಾರಿ ಶಾಲೆ ಕಾಲೇಜುಗಳಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ಕೊಡುತ್ತಿದೆ. ಒಬ್ಬ ಖಾಸಗಿ ದಾನಿ ಕಾಲೇಜು ಓದಿನ ಖರ್ಚನ್ನು ಸರಿಯಾಗಿ ಅಂದಾಜು ಮಾಡಬಹುದಾದರೆ ಸರ್ಕಾರಕ್ಕೆ ಏಕೆ ಆಗುವುದಿಲ್ಲ?

ಆದಾಯ ಮಿತಿಯದು ಇನ್ನೊಂದು ವಿಚಿತ್ರ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ, ಹಿಂದುಳಿದ ವರ್ಗಗಳ ಕೇಂದ್ರ ಯೋಜನೆಗೆ, ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷದ ಒಳಗಿರಬೇಕು. ಇಡೀ ಮನೆಗೆ ದಿನಕ್ಕೆ 685 ರೂಪಾಯಿ. ಗಂಡ ಹೆಂಡತಿ ಇಬ್ಬರೂ ವರ್ಷವಿಡೀ ಬಿಡದೆ ಗಾರೆ ಕೆಲಸಕ್ಕೆ ಹೋದರೆ ಈ ಗೆರೆ ದಾಟಿಬಿಡುತ್ತಾರೆ. ಅದೇ 2019ರಲ್ಲಿ ಮೀಸಲಾತಿ ಇಲ್ಲದ ವರ್ಗಗಳ ಬಡವರಿಗೆ ಶೇ. 10 ಮೀಸಲಾತಿ ತಂದಾಗ ಬಡತನದ ಗೆರೆ ಎಂಟು ಲಕ್ಷ. ಒಂದೇ ದೇಶದಲ್ಲಿ ಬಡತನ ಅಳೆಯಲು ಎರಡು ಟೇಪು.

ಕಟ್ಟಡ ಕಾರ್ಮಿಕರ ವಿಷಯ ನನಗೆ ಇನ್ನೂ ಹತ್ತಿರದ್ದು. 1996ರ ಕಾಯ್ದೆಯಂತೆ ಕಾಮಗಾರಿ ವೆಚ್ಚದ ಶೇ. 1ರಷ್ಟು ಸೆಸ್ ಕಾರ್ಮಿಕ ಕಲ್ಯಾಣಕ್ಕೆ ಹೋಗಬೇಕಾಗಿತ್ತು. ಎಷ್ಟು ಗುತ್ತಿಗೆದಾರರ ಬಿಲ್ಲಿನಲ್ಲಿ ನಾನೇ ಅದನ್ನು ಮುರಿದಿದ್ದೇನೋ ಲೆಕ್ಕವಿಲ್ಲ. ಆ ಹಣದಿಂದ ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಬರುತ್ತಿತ್ತು. 2023ರ ಕೊನೆಯಲ್ಲಿ ಆ ಮೊತ್ತವನ್ನು ಹಲವು ಪಟ್ಟು ಇಳಿಸಿದರು. ಬೋಗಸ್ ಕಾರ್ಡುಗಳು ಹೆಚ್ಚಾದವು ಎಂಬ ಕಾರಣವೂ ಕೇಳಿಬಂತು. ಬೋಗಸ್ ಕಾರ್ಡು ಇದ್ದರೆ ಕಾರ್ಡು ರದ್ದು ಮಾಡಬೇಕು. ಗಾರೆಯವನ ಮಗಳ ಹಣ ಇಳಿಸುವುದು ಯಾವ ಊರಿನ ರಿಪೇರಿ?

ಇಲ್ಲಿಗೆ ಬಂದ ಮೇಲೆ ನಮ್ಮ ಮನೆಯ ಮಾತನ್ನೂ ಆಡಬೇಕು. ಬೋಗಸ್ ಎಂದು ಬೇರೆಯವರನ್ನು ತೋರಿಸುವಾಗ ನನ್ನ ಬೆರಳು ನಡುಗುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರದ ಬಂಧುವೊಬ್ಬರು ಮಗನಿಗಾಗಿ ಆದಾಯ ಪ್ರಮಾಣಪತ್ರ ಮಾಡಿಸಿದರು. ಎಂಟು ಎಕರೆ ಮಾವು, ಎರಡು ಕೊಳವೆಬಾವಿ, ಮಹಡಿ ಮನೆ. ಪತ್ರದಲ್ಲಿ ವಾರ್ಷಿಕ ಆದಾಯ 40,000. ತೋಟದ ಆದಾಯಕ್ಕೆ ತೆರಿಗೆ ಇಲ್ಲ, ಲೆಕ್ಕ ಇಲ್ಲ, ಹೇಳಿದ್ದೇ ಆದಾಯ. ಆ ಕಾಗದವನ್ನು ನನ್ನ ಮೇಜಿನ ಮೇಲೆಯೇ ಇಟ್ಟು, ಅರ್ಜಿ ತುಂಬಿಕೊಡಿ ಭಾವ ಎಂದರು. ತುಂಬಿಕೊಟ್ಟೆ. ಸಂಬಂಧ ಕೆಡುತ್ತದೆ ಎಂದು ಸುಮ್ಮನಾದೆ. ಅವರ ಹೆಸರು, ಅಪ್ಪನ ಹೆಸರು, ಖಾತೆ ಎಲ್ಲ ಅಚ್ಚುಕಟ್ಟಾಗಿ ತಾಳೆಯಾಗಿ ಎರಡೇ ತಿಂಗಳಿಗೆ ಹಣ ಬಂತು. ದಾಖಲೆ ಸರಿಯಾಗಿ ಇಟ್ಟುಕೊಳ್ಳಲು ಸಾಧ್ಯವಾಗುವುದೂ ಇದ್ದವರಿಗೇ. ಮೇಲಿನ ಗದ್ದೆಯವನು ಮಡೆ ಒಡೆಯುವಾಗ ನಾನು ಲಾಟೀನು ಹಿಡಿದುಕೊಂಡಿದ್ದೆ. ಕಾಯಕದ ಬಗ್ಗೆ ಬಸವ ಜಯಂತಿಯ ವೇದಿಕೆಯಲ್ಲಿ ಎರಡು ಸಲ ಭಾಷಣ ಮಾಡಿದವನು ನಾನು. ಅದಾದ ಮೇಲೆ ಅಂಥ ಅರ್ಜಿಗಳನ್ನು ತುಂಬುವುದಿಲ್ಲ ಎಂದು ಹೇಳುತ್ತೇನೆ. ಇಬ್ಬರು ನೆಂಟರು ನಮ್ಮ ಮನೆಗೆ ಬರುವುದು ಬಿಟ್ಟಿದ್ದಾರೆ.

ಮೇಲೆ ಹೇಳಿದ ಹುಡುಗಿ ನಮ್ಮ ಸಮಾಜದವಳಲ್ಲ. ಅವಳು ಜಗುಲಿಗೆ ಬಂದು ಹೋಗುವುದನ್ನು ನೋಡಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ‘ಇಂಜಿನಿಯರೇ, 3ಬಿಯಲ್ಲಿ ನಮ್ಮ ಮಕ್ಕಳಿಗೇ ಏನೂ ದಕ್ಕುತ್ತಿಲ್ಲ. ನಮ್ಮವರ ದುಡ್ಡಲ್ಲಿ ಕಟ್ಟಿದ ಜಗುಲಿಯಲ್ಲಿ ಬೇರೆಯವರ ಅರ್ಜಿ ಏಕೆ?’ ಎಂದರು. ಅವರ ಸಂಕಟ ಸುಳ್ಳಲ್ಲ. ಈ ಜಿಲ್ಲೆಯಲ್ಲಿ ನಾವು ಕಡಿಮೆ ಜನ, ಅದರಲ್ಲೂ ಬಡವರೇ ಹೆಚ್ಚು. 2020ರಲ್ಲಿ ರಚನೆಯಾದ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ ಬಸವ ಬೆಳಗು ಶೈಕ್ಷಣಿಕ ಸಾಲ ವೃತ್ತಿಪರ ಕೋರ್ಸಿಗೆ ಸೇರುವವರಿಗೆ. ಹೂವು ಕಟ್ಟುವವರ ಮಗ ಬಿ.ಎ. ಓದಿದರೆ ಅವನಿಗೆ ಅದು ಎಟುಕುವುದಿಲ್ಲ. ಇದನ್ನು ಬದಲಿಸಿ ಎಂದು ನಾವು ಕೇಳಲೇಬೇಕು.

ಆದರೆ ಆ ಹಿರಿಯರಿಗೆ ನಾನು ಎರಡು ಹಳೆಯ ಸಂಗತಿ ನೆನಪಿಸಿದೆ. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಹತ್ತು ವರ್ಷಕ್ಕೆ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಇದನ್ನೇ, ನಮ್ಮ ದಾನದಿಂದ ನಾವು ಮೇಲೆ ಬಂದೆವು ಎಂದು. ಅದು ಅರ್ಧ ಸತ್ಯ. ಇತ್ತ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿಯವರ ಸರ್ಕಾರ 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿತು. ಅವರ ಲೆಕ್ಕದಲ್ಲಿ ಬ್ರಾಹ್ಮಣರು, ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರು. ಒಕ್ಕಲಿಗರು, ಮುಸ್ಲಿಮರ ಜೊತೆ ಒಂದೇ ಸಾಲಿನಲ್ಲಿ ನಾವೂ ಇದ್ದೆವು. ವಿದ್ಯಾರ್ಥಿವೇತನ ಕೊಟ್ಟು ಓದಿಸಿ, ನೌಕರಿಯಲ್ಲಿ ಪಾಲು ಕೊಡಿ ಎಂದು ಆ ಸಮಿತಿ ಹೇಳಿತು. ಸಂಸ್ಥಾನದ ಬೊಕ್ಕಸದಿಂದ, ಎಲ್ಲ ಜಾತಿಯವರ ಕಂದಾಯದಿಂದ ನಮ್ಮ ಅಜ್ಜಂದಿರ ತಲೆಮಾರು ಹೈಸ್ಕೂಲಿನ ಮೆಟ್ಟಿಲು ಹತ್ತಿತು. ಇನ್ನು 1944ರಲ್ಲಿ ಪರಿಶಿಷ್ಟ ಜಾತಿಯ ಮಕ್ಕಳಿಗೆ ಭಾರತ ಸರ್ಕಾರದ ವಿದ್ಯಾರ್ಥಿವೇತನ ಶುರುವಾದದ್ದು ವೈಸರಾಯ್ ಅವರ ಮಂಡಳಿಯಲ್ಲಿದ್ದ ಬಾಬಾಸಾಹೇಬ್ ಅಂಬೇಡ್ಕರ್ ಅವರ ಒತ್ತಾಯದಿಂದ. ಇವತ್ತು ದೇಶದಲ್ಲಿ ಕಾಲೇಜು ಮಕ್ಕಳಿಗೆ ಸಿಗುವ ಎಲ್ಲ ಸರ್ಕಾರಿ ವಿದ್ಯಾರ್ಥಿವೇತನಗಳ ದೊಡ್ಡಣ್ಣ ಅದು.

ಆ ದೊಡ್ಡಣ್ಣನಿಗೂ ನೀರು ನಿಂತ ಕಾಲವಿತ್ತು. ಕೇಂದ್ರದ ಪಾಲು ಕುಸಿದು, ಹೊರೆಯೆಲ್ಲ ರಾಜ್ಯಗಳ ಮೇಲೆ ಬಿದ್ದು, ಕೆಲವು ಕಡೆ ಯೋಜನೆ ನಿಂತೇಹೋಗುವ ಸ್ಥಿತಿ ಬಂದಿತ್ತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಐದು ವರ್ಷಕ್ಕೆ 59,048 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟು, ಅದರಲ್ಲಿ ಶೇ. 60 ತಾನು ಹೊರುವುದಾಗಿ ಹೇಳಿತು. ಅಂದರೆ ಕೂಗಿದರೆ ಬದಲಾಗುತ್ತದೆ. ಕೂಗುವವರ ಸಾಲಿನಲ್ಲಿ ನಮ್ಮ ಸಮಾಜ ಎಷ್ಟು ಸಲ ನಿಂತಿದೆ ಎಂದು ಕೇಳಿಕೊಂಡರೆ ನಾಚಿಕೆಯಾಗುತ್ತದೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಮಠದಲ್ಲಿ ಉಣ್ಣುತ್ತಿದ್ದ ಸಾವಿರಾರು ಮಕ್ಕಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದರು. ಅವರು ಪಂಕ್ತಿಯಲ್ಲಿ ಕೂರಿಸುವ ಮುಂಚೆ ಜಾತಿ ಪ್ರಮಾಣಪತ್ರ ಕೇಳಲಿಲ್ಲ. ನನ್ನ ಜಗುಲಿಯಲ್ಲೂ ಕೇಳುವುದಿಲ್ಲ, ಅರ್ಜಿಯ ಕಾಲಂ ತುಂಬುವಾಗ ಬಿಟ್ಟರೆ. ಹಿರಿಯರು ಪೂರ್ತಿ ಒಪ್ಪಿದರೆಂದು ಹೇಳಲಾರೆ. ಆದರೆ ಮುಂದಿನ ಶನಿವಾರ ಪ್ರಿಂಟರಿಗೆ ಎರಡು ರೀಮು ಕಾಗದ ಕಳಿಸಿದ್ದರು.

ಮಠಗಳ ಪೂಜ್ಯರಲ್ಲಿ, ಸಮಾಜದ ಮುಖಂಡರಲ್ಲಿ ನನ್ನ ವಿನಂತಿ ಹಣದ್ದಲ್ಲ, ಬಹುಪಾಲು. ಪ್ರತಿ ತಾಲ್ಲೂಕಿನಲ್ಲಿ ಮಠದ ಶಾಖೆ, ಸಮಾಜದ ಕಟ್ಟಡ, ಕಲ್ಯಾಣ ಮಂಟಪ ಇವೆ. ನಿವೃತ್ತ ಗುಮಾಸ್ತರು, ಮೇಷ್ಟ್ರುಗಳು, ಬ್ಯಾಂಕಿನವರು ಇದ್ದಾರೆ. ಒಬ್ಬೊಬ್ಬರು ಹತ್ತು ಮಕ್ಕಳ ಹೆಸರು ಬರೆದುಕೊಳ್ಳಲಿ. ಅರ್ಜಿ ತುಂಬುವುದಷ್ಟೇ ಅಲ್ಲ, ಹಣ ಖಾತೆಗೆ ಬೀಳುವ ತನಕ ಆ ಹತ್ತು ಹೆಸರುಗಳ ಹಿಂದೆ ಬೀಳಲಿ. ನಾಡಕಚೇರಿಗೆ, ಬ್ಯಾಂಕಿಗೆ ಕೂಲಿ ಬಿಟ್ಟು ತಾಯಿ ಹೋಗುವ ಬದಲು ಪಿಂಚಣಿ ಬರುವ ನಾವು ಹೋಗಬಹುದು. ಸರ್ಕಾರಿ ಕಚೇರಿಯಲ್ಲಿ ನಿವೃತ್ತ ನೌಕರನಿಗೆ ಕುರ್ಚಿ ಕೊಡುತ್ತಾರೆ, ಆ ತಾಯಿಗೆ ಕೊಡುವುದಿಲ್ಲ. ಆ ಕುರ್ಚಿಯನ್ನು ಬಳಸಿಕೊಳ್ಳೋಣ. ಹಣದ್ದೂ ಒಂದು ಸಣ್ಣ ಮಾತಿದೆ. ವಿದ್ಯಾರ್ಥಿವೇತನ ಮಂಜೂರಾಗಿ ಬರುವುದು ತಡವಾದಾಗ, ಅಷ್ಟೇ ಮೊತ್ತವನ್ನು ಫೀಸಿಗೆ ಕೈಗಡ ಕೊಟ್ಟು, ಸರ್ಕಾರದ ಹಣ ಬಂದ ಮೇಲೆ ವಾಪಸ್ಸು ಪಡೆಯುವ ಒಂದು ಚಿಕ್ಕ ನಿಧಿ ಸಾಕು. ಅದೇ ಹಣ ವರ್ಷದಿಂದ ವರ್ಷಕ್ಕೆ ತಿರುಗುತ್ತಿರುತ್ತದೆ. 2025ರ ಜುಲೈನಲ್ಲಿ ನನ್ನ ಜಗುಲಿಯಲ್ಲಿ ಅಂಥದೊಂದು ನಿಧಿ ಇದ್ದಿದ್ದರೆ ಆ ಹುಡುಗಿ ಬಸ್ಸು ಹತ್ತುತ್ತಿರಲಿಲ್ಲ. ಆಗ ನನ್ನ ಜೇಬಿನಿಂದಲೇ ಕೊಡಬಹುದಿತ್ತಲ್ಲ ಎಂದು ಮನೆಯವರು ಕೇಳಿದರು. ಹೌದು, ಕೊಡಬಹುದಿತ್ತು. ಫೀಸಿಗೆ ಕಷ್ಟವೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸರ್ಕಾರಕ್ಕೆ ಹೇಳಬೇಕಾದದ್ದು ಇಷ್ಟೇ: ಪ್ರತಿ ಸರ್ಕಾರಿ ಕಾಲೇಜಿಗೂ ಈ ಕೆಲಸಕ್ಕೆಂದೇ ಒಬ್ಬರನ್ನು ನೇಮಿಸಲಿ, ಎಷ್ಟು ಕೋಟಿ ಬಿಡುಗಡೆ ಎಂಬುದರ ಜೊತೆಗೆ ಎಷ್ಟು ಮಕ್ಕಳಿಗೆ ಪರೀಕ್ಷೆಗೆ ಮೊದಲು ಮುಟ್ಟಿತು ಎಂಬುದನ್ನೂ ಕಾಲೇಜುವಾರು ಪ್ರಕಟಿಸಲಿ. ಶಾಸಕರ ಮುಂದೆ ಮನವಿ ಇಡುವಾಗ ಬೇರೆ ಸಮಾಜಗಳ ಸಂಘದವರನ್ನೂ ಕರೆದುಕೊಂಡು ಹೋಗೋಣ.

ನಮ್ಮ ಜಗುಲಿಯ ಮೇಜು ಪ್ರತಿ ಶನಿವಾರ ಸಂಜೆ ನಾಲ್ಕರಿಂದ ಏಳರವರೆಗೆ. ಬರುವಾಗ ಆಧಾರ್, ಅಂಕಪಟ್ಟಿ, ಜಾತಿ ಮತ್ತು ಆದಾಯ ಪತ್ರ, ಪಾಸ್‌ಬುಕ್, ಆಧಾರಿಗೆ ಜೋಡಿಸಿದ ಫೋನು ತನ್ನಿ. ಅಪ್ಪನ ಹೆಸರು ಎಲ್ಲ ಕಾಗದದಲ್ಲೂ ಒಂದೇ ಇದೆಯೇ ಎಂದು ಮನೆಯಲ್ಲೇ ನೋಡಿಕೊಂಡು ಬನ್ನಿ. ಬ್ಯಾಂಕಿಗೆ ಹೋಗಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಕೇಳಿ, ಬಾಯಲ್ಲಿ ಹೇಳಿದರೆ ಸಾಲದು, ಬರೆಸಿಕೊಂಡು ಬನ್ನಿ.

ಆ ಹುಡುಗಿಯ ಕಾಲೇಜಿನಲ್ಲಿ ವಿಚಾರಿಸಿದೆ. ಮುಂದಿನ ವರ್ಷ ಎರಡನೇ ವರ್ಷಕ್ಕೆ ಮತ್ತೆ ಸೇರಿಕೊಳ್ಳಬಹುದು ಎಂದರು. ಅವಳಿಗೆ ವಾರಕ್ಕೊಂದು ರಜೆ, ಅದೂ ವಾರ ವಾರ ಬದಲಾಗುತ್ತದೆಯಂತೆ. ಮಾವಿನ ಸುಗ್ಗಿ ಶುರುವಾಗುವ ಮೊದಲು ಮೇಷ್ಟ್ರನ್ನು ಕರೆದುಕೊಂಡು ಅವರ ಊರಿಗೆ ಹೋಗಿ ತಾಯಿ ಮಗಳಿಬ್ಬರನ್ನೂ ಕಂಡು ಬರಬೇಕೆಂದಿದ್ದೇನೆ. ಫೀಸಿನ ವಿಷಯ ಈ ಸಲ ನಾನೇ ಮೊದಲು ಎತ್ತುತ್ತೇನೆ.